ಹಳೇ ಕಾರ್ಡನ್ನು ನಿಧಾನ ಮಾಡಿ ಹೊಸ ಕಾರ್ಡಿನ ಲೆಕ್ಕ ಹಾಕಿದೆ

ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೋ ಬೇಡವೋ ಅಂತ ತಿಳಿಯಲು ನಾನು ಇದ್ದ ಕಾರ್ಡಿನ ವೇಗವನ್ನೇ ಇನ್ನಷ್ಟು ಇಳಿಸಿದೆ. ಗೆಳೆಯರು ನಕ್ಕರು. "ಜಾಸ್ತಿ ಫ್ರೇಮ್ ಬೇಕು ಅಂತ ಹೊರಟವನು ಇರೋದನ್ನೂ ಕಳ್ಕೊಳ್ತಿದ್ದೀಯಲ್ಲೋ" ಅಂದ ಒಬ್ಬ. ಈಗ ಅವನೇ ತನ್ನ ಕಂಪ್ಯೂಟರಿಗೂ ಹಾಗೇ ಮಾಡಿಕೊಡು ಅಂತ ಹಿಂದೆ ಬಿದ್ದಿದ್ದಾನೆ. ಅದಕ್ಕೇ ಬರೆದಿಡುತ್ತಿದ್ದೇನೆ. ಫ್ರೇಮ್ ಅಂದರೆ ಗೇಮ್ ಸೆಕೆಂಡಿಗೆ ತೋರಿಸುವ ಚಿತ್ರಗಳ ಲೆಕ್ಕ, ಜಾಸ್ತಿ ಇದ್ದಷ್ಟೂ ಆಟ ನುಣುಪು.

ನನ್ನದು ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1060ರ 6 ಜಿಬಿ ಕಾರ್ಡು, 450 ವ್ಯಾಟ್ ಪವರ್ ಸಪ್ಲೈ, 1080ಪಿ ಮಾನಿಟರ್. 2016ರ ಕಾರ್ಡು, ಹಳೆಯದಾಯಿತು, ತೆಗೆದು ಹಾಕು ಅಂತ ಎಲ್ಲರದೂ ಒಂದೇ ರಾಗ.

ಮೊದಲು ಎಲ್ಲರೂ ಮಾಡುವುದನ್ನೇ ನೋಡಿದೆ. ಬಾಟಲ್‌ನೆಕ್ ಕ್ಯಾಲ್ಕುಲೇಟರುಗಳು, ಅಂದರೆ ಯಾವ ಭಾಗ ಉಳಿದದ್ದನ್ನು ತಡೆಯುತ್ತಿದೆ ಅಂತ ಹೇಳುವ ವೆಬ್‌ಸೈಟುಗಳು, ಬರೀ ದಂಡ. ನಾನು ಯಾವ ಗೇಮ್ ಆಡುತ್ತೇನೆ ಅಂತ ಕೇಳದೆಯೇ ಶೇಕಡಾ ಇಷ್ಟು ಅಂತ ಹೇಳುತ್ತವೆ. ವಿಮರ್ಶೆಗಳ ಗ್ರಾಫ್ ಸುಳ್ಳಲ್ಲ, ಆದರೆ ಅವರು ಕಾರ್ಡನ್ನು ಪರೀಕ್ಷಿಸುವುದು ಇರುವುದರಲ್ಲೇ ವೇಗದ ಪ್ರೊಸೆಸರ್ ಹಾಕಿಕೊಂಡು. ಆ ಅಂಕಿ ನನ್ನ 2600ಗೆ ದಕ್ಕುವುದಿಲ್ಲ. ಟಾಸ್ಕ್ ಮ್ಯಾನೇಜರ್ ಸಿಪಿಯು 45% ಅಂತ ತೋರಿಸುತ್ತಿತ್ತು. ನೋಡು, ಅರ್ಧಕ್ಕರ್ಧ ಖಾಲಿ ಕೂತಿದೆ ಅಂದರು. 12 ಥ್ರೆಡ್ (ಒಟ್ಟಿಗೇ ನಡೆಯಬಲ್ಲ ಕೆಲಸದ ಸಾಲು) ಇರುವ ಚಿಪ್ಪಿನಲ್ಲಿ ಒಂದೇ ಥ್ರೆಡ್ ಪೂರ್ತಿ ಉಸಿರುಗಟ್ಟಿದರೂ ಒಟ್ಟು ಲೆಕ್ಕದಲ್ಲಿ ಅದು 8% ಅಷ್ಟೇ. ಆ 45ನ್ನು ನಂಬಿ ದುಡ್ಡು ಬಿಚ್ಚಲು ನಾನು ತಯಾರಿರಲಿಲ್ಲ.

ಕೊನೆಗೆ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ತೆರೆದು ಕಾರ್ಡಿನ ಕೋರ್ ಕ್ಲಾಕನ್ನು, ಅಂದರೆ ಅದರ ಚಿಪ್ಪಿನ ವೇಗವನ್ನು, 400 ಮೆಗಾಹರ್ಟ್ಸ್ ಕೆಳಗೆ ಎಳೆದೆ. 1900ರ ಆಸುಪಾಸು ಓಡುತ್ತಿದ್ದದ್ದು 1500ಕ್ಕೆ ಬಂತು, ಅಂದರೆ ಸುಮಾರು 20% ಕಡಿಮೆ. ಮೆಮೊರಿ ಕ್ಲಾಕನ್ನೂ ಇಳಿಸಬೇಕು. ಕೋರ್ ಒಂದನ್ನೇ ಇಳಿಸಿದರೆ, ಮೆಮೊರಿಗೆ ಕಾಯುತ್ತಿದ್ದ ಗೇಮ್ ಏನೂ ಆಗದವರಂತೆ ಓಡಿ ಮೋಸ ಮಾಡುತ್ತದೆ. ಆಮೇಲೆ ಅದೇ ಜಾಗ, ಅದೇ ಸೇವ್, ಅದೇ ದಾರಿ. ನಾನು ಜಾಸ್ತಿ ಆಡುವ ಆಕ್ಷನ್ ಗೇಮಿನಲ್ಲಿ 58 ಇದ್ದ ಫ್ರೇಮ್ 47ಕ್ಕೆ ಬಿತ್ತು. ಕ್ಲಾಕ್ ಬಿದ್ದಷ್ಟೇ ಫ್ರೇಮೂ ಬಿತ್ತು, ಇಲ್ಲಿ ವೇಗಕ್ಕೆ ಅಡ್ಡ ನಿಂತಿರುವುದು ಕಾರ್ಡೇ. ಊರು ಕಟ್ಟುವ ಗೇಮಿನಲ್ಲಿ 44 ಇದ್ದದ್ದು 43 ಆಯಿತು. ಐದನೇ ಒಂದು ಭಾಗ ಕಿತ್ತುಕೊಂಡರೂ ಅದಕ್ಕೆ ಗೊತ್ತೇ ಆಗಲಿಲ್ಲ. ಇಂಥ ಗೇಮಿಗೆ ಎಂಥ ದುಬಾರಿ ಕಾರ್ಡ್ ಹಾಕಿದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ.

ಇದು ಅರ್ಧ ಉತ್ತರ. ಕಾರ್ಡ್ ಬದಲಿಸಿದರೆ ಎಲ್ಲಿಯವರೆಗೆ ಏರಬಹುದು ಅನ್ನುವುದು ಇನ್ನರ್ಧ. ಅದಕ್ಕೆ ಕ್ಲಾಕನ್ನು ಮೊದಲಿನಂತೆ ಮಾಡಿ ರೆಸಲ್ಯೂಷನ್ 720ಪಿಗೆ ಇಳಿಸಿದೆ. ಆಗ ಕಾರ್ಡಿನ ಹೊರೆ ಇಳಿದು ಪ್ರೊಸೆಸರ್ ಎಲ್ಲಿಯವರೆಗೆ ಹೋಗಬಲ್ಲದು ಅಂತ ಕಾಣುತ್ತದೆ. ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು. ಗುಂಪಿನ ಜನ, ದೂರದ ಮರಗಳು, ನೆರಳು ಇವೆಲ್ಲ ಪ್ರೊಸೆಸರಿಗೂ ಹೊರೆ. ಅವನ್ನು ಲೋ ಮಾಡಿದರೆ ಪ್ರೊಸೆಸರಿನ ಮಿತಿಯೇ ಬದಲಾಗಿಬಿಡುತ್ತದೆ. ಆಕ್ಷನ್ ಗೇಮ್ 81ರಲ್ಲಿ ನಿಂತಿತು, ಕಾರ್ಡಿನ ಬಳಕೆ 98%ರಿಂದ 75%ರ ಸುತ್ತ ಇಳಿಯಿತು. ಅಲ್ಲಿಗೆ 81 ನನ್ನ ಪ್ರೊಸೆಸರಿನ ಚಾವಣಿ. ಊರು ಕಟ್ಟುವುದರಲ್ಲಿ 45, ಅಂದರೆ ತಲೆ ಆಗಲೇ ಚಾವಣಿಗೆ ತಾಗಿತ್ತು.

ಪರೀಕ್ಷೆಗೆ ಯಾವ ಜಾಗ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಗೇಮಿನ ಜೊತೆ ಬರುವ ಬೆಂಚ್‌ಮಾರ್ಕ್ ಅಲ್ಲ, ಅಷ್ಟು ಸಾಕು.

ಈಗ ದುಡ್ಡು. ಎಲ್ಲರೂ ಕೊಳ್ಳು ಅಂತಿದ್ದ ಹೊಸ ಕಾರ್ಡಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಗ್ರಾಫ್ ಪ್ರಕಾರ ಅದು ನನ್ನದರ ಎರಡು ಪಟ್ಟಿಗಿಂತ ಜಾಸ್ತಿ, 58 ಇದ್ದದ್ದು 120 ದಾಟಬೇಕು. ನನ್ನ ಪೆಟ್ಟಿಗೆಯಲ್ಲಿ 81ಕ್ಕೆ ನಿಲ್ಲುತ್ತದೆ. ಅರವತ್ತು ಫ್ರೇಮಿನ ದುಡ್ಡು ಕೊಟ್ಟು 23 ಫ್ರೇಮ್ ತರಬೇಕು! ಮೇಲೆ ಪವರ್ ಸಪ್ಲೈಯನ್ನೂ ಬದಲಿಸಬೇಕಿತ್ತು, ಅದು ಬೇರೆ 15. ಕಾರ್ಡಿನ ಲೆಕ್ಕ ಹಾಕುವಾಗ ಇದನ್ನು ಯಾರೂ ಸೇರಿಸುವುದಿಲ್ಲ ಅಲ್ವಾ?

ನಾನು ಮೊದಲು ಪ್ರೊಸೆಸರ್ ತಂದೆ. ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನ ಒಳ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ರೈಜನ್ 5 5600 ಕೂರುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ 30ರಷ್ಟಕ್ಕೆ ಸಿಕ್ಕಿತು. ಕಾರ್ಡ್ ಹಳೆಯದೇ. ಊರು ಕಟ್ಟುವ ಗೇಮ್ 44ರಿಂದ 62ಕ್ಕೆ ಹೋಯಿತು, ಆಕ್ಷನ್ ಗೇಮ್ 58ರಲ್ಲೇ ಕೂತಿತು. ಲೆಕ್ಕ ಹೇಳಿದ್ದೂ ಅದನ್ನೇ. ಮತ್ತೆ 720ಪಿ ಹಾಕಿದರೆ ಆಕ್ಷನ್ ಗೇಮಿನ ಚಾವಣಿ 115 ದಾಟಿತ್ತು. ಕಾರ್ಡಿಗೆ ದುಡ್ಡು ಹಾಕಲು ಈಗ ಅರ್ಥ ಬಂತು.

ಕಾರ್ಡು ಆರ್‌ಎಕ್ಸ್ 6600, ಅದೂ ಸೆಕೆಂಡ್ ಹ್ಯಾಂಡ್, ಸುಮಾರು 50. 8 ಜಿಬಿ ಇದೆ, 132 ವ್ಯಾಟ್, ಒಂದೇ 8 ಪಿನ್ ಪವರ್ ಕನೆಕ್ಟರ್. ನನ್ನ 450 ವ್ಯಾಟ್ ಸಪ್ಲೈಗೆ ಸರಿಹೋಯಿತು, ಆ 15 ಉಳಿಯಿತು. ಇನ್ನೂ ಅಗ್ಗಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಕಣ್ಣಿಗೆ ಬಿದ್ದಿತ್ತು. ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಹರಿಯುವ ದಾರಿ), 4 ಜಿಬಿ ಮೆಮೊರಿ. ನನ್ನಂತೆ ಪಿಸಿಐಇ 3.0 ಬೋರ್ಡ್ ಇರುವವರು ಅದರ ಹತ್ತಿರವೂ ಹೋಗಬೇಡಿ. 6600ಕ್ಕೂ ಎಂಟೇ ಲೇನ್, ಆದರೆ ನನಗೆ ವ್ಯತ್ಯಾಸ ಕಾಣಲಿಲ್ಲ. ಹಳೇ ಕಾರ್ಡ್, ಹಳೇ ಪ್ರೊಸೆಸರ್ ಎರಡೂ ಮಾರಿ 25 ಬಂತು. ಕೈಯಿಂದ ಹೋದದ್ದು 55.

2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡಿನಿಂದ ಆ ಕ್ರಿಪ್ಟೊ ಹಣ ಗಳಿಸುವುದು, ನಿಂತ ಮೇಲೆ ಮೈನಿಂಗ್ ಕಾರ್ಡುಗಳು ರಾಶಿ ರಾಶಿಯಾಗಿ ಮಾರಾಟಕ್ಕೆ ಬಂದವು. ಅವೆಲ್ಲ ಕೆಟ್ಟವು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಫ್ಯಾನ್ ಬೇರಿಂಗ್ ಸದ್ದು ಕೇಳಿ, ಅರ್ಧ ಗಂಟೆ ಲೋಡ್ ಹಾಕಿ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಎಷ್ಟಕ್ಕೆ ಹೋಗುತ್ತದೆ ನೋಡಿ. ಮಾರುವವನಿಗೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಅದು ನನ್ನಲ್ಲೇ ಇರಲಿ.

ಕಾರ್ಡ್ ಹಾಕುವ ಮೊದಲೇ ಚೀಟಿಯಲ್ಲಿ ಆಕ್ಷನ್ ಗೇಮಿಗೆ 105 ಅಂತ ಬರೆದು ಗೆಳೆಯನ ಕೈಗೆ ಕೊಟ್ಟಿದ್ದೆ. ಬಂದದ್ದು 103. 1% ಲೋ, ಅಂದರೆ ಅತಿ ನಿಧಾನದ ಕ್ಷಣಗಳ ಫ್ರೇಮ್ ಲೆಕ್ಕ, 34ರಿಂದ 71ಕ್ಕೆ ಏರಿತ್ತು. ಅವನು ಎರಡು ಸಲ ಓಡಿಸಿ ನೋಡಿದ, ಮೂರು ಫ್ರೇಮೂ ಆಚೀಚೆ ಆಗಲಿಲ್ಲ.

ಮಧ್ಯೆ ಸುಮ್ನೆ ಬೇರೆ ಆಟಗಳನ್ನೂ ಆಡಿದೆ. 1060ರ ಥರ್ಮಲ್ ಪೇಸ್ಟ್ ಬದಲಿಸಿದಾಗ 83 ಡಿಗ್ರಿ ಇದ್ದದ್ದು 72ಕ್ಕೆ ಇಳಿಯಿತು. ಫ್ರೇಮ್ ಹೆಚ್ಚಾದದ್ದು ಎರಡೇ, ಆದರೆ ಫ್ಯಾನಿನ ಗದ್ದಲ ಹೋಯಿತು. ರ‍್ಯಾಮ್ ಸ್ಟಿಕ್ ಒಂದನ್ನು ಕಿತ್ತು ನೋಡಿದಾಗ ಊರು ಕಟ್ಟುವ ಗೇಮ್ ಹತ್ತಿರ ಹತ್ತಿರ 20% ಕಳೆದುಕೊಂಡಿತು. ಒಂದೇ ಸ್ಟಿಕ್ಕಿನಲ್ಲಿ ಆಡುವವರು ಕಾರ್ಡಿನ ಮಾತು ಎತ್ತುವ ಮುಂಚೆ ಇನ್ನೊಂದು ಸ್ಟಿಕ್ ತಂದುಬಿಡಿ. ಎಫ್‌ಎಸ್‌ಆರ್ (ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ತಂತ್ರ) ಕ್ವಾಲಿಟಿ ಮೋಡ್ ಹಾಕಿದರೆ 1060ಗೂ 70ರ ಮೇಲೆ ಬರುತ್ತಿತ್ತು, ಪೈಸೆ ಖರ್ಚಿಲ್ಲ. ಆದರೆ 1080ಪಿಯಲ್ಲಿ ಅದು ಒಳಗೊಳಗೇ 720ಪಿ ಚಿತ್ರವನ್ನೇ ಹಿಗ್ಗಿಸುವುದು. ದೂರದ ವೈರು, ಬೇಲಿ, ಎಲೆಗಳ ಅಂಚು ಬುಳುಬುಳು ಅಂತ ಮಿನುಗುತ್ತವೆ. ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಆಮೇಲೆ ಅದೇ ಕಾಣುತ್ತದೆ.

ಈಗ 1440ಪಿ ಮಾನಿಟರ್ ಮೇಲೆ ಆಸೆ. ಕೊಳ್ಳುವ ಮೊದಲು ಡ್ರೈವರಿನ ವರ್ಚುವಲ್ ಸೂಪರ್ ರೆಸಲ್ಯೂಷನ್ ಹಾಕಿ, ಅಂದರೆ 1440ಪಿಯಲ್ಲಿ ಬಿಡಿಸಿ ಕುಗ್ಗಿಸಿ ತೋರಿಸುವಂತೆ ಮಾಡಿ, ಇದೇ ಮಾನಿಟರಿನಲ್ಲಿ ಆಕ್ಷನ್ ಗೇಮ್ ಓಡಿಸಿದೆ. ಪಿಕ್ಸೆಲ್ ಒಂದೂಮುಕ್ಕಾಲು ಪಟ್ಟು, ಫ್ರೇಮ್ 66. ಅಲ್ಲೂ ಕ್ಲಾಕ್ 20% ಇಳಿಸಿದೆ, 54ಕ್ಕೆ ಬಿತ್ತು. ಅಂದರೆ ಮಾನಿಟರ್ ತಂದರೆ ಅದರ ಹಿಂದೆಯೇ ಕಾರ್ಡೂ ಬರಬೇಕು, ಕಾರ್ಡಿನ ಹಿಂದೆ ಆ ಪವರ್ ಸಪ್ಲೈ. ಮೂರನ್ನೂ ಕೂಡಿಸಿ ನೋಡಿದೆ, 200ರ ಹತ್ತಿರ ಹೋಯಿತು. ಸದ್ಯಕ್ಕೆ 1080ಪಿಯೇ ಇರಲಿ.