ಉಪ್ಪುಗಾಳಿಯ ಊರಲ್ಲಿ ಬೆಳ್ಳಿ ನಾಣ್ಯ ಇಟ್ಟುಕೊಂಡ ಕಥೆ

ಟಾಗೋರ್ ಬೀಚಲ್ಲಿ ದಿನಾ ಸಂಜೆ ಓಡಾಡುವವನಿಗೆ ಟಾಗೋರ್ ನಾಣ್ಯದ ಆಸೆ ಹುಟ್ಟದೆ ಇರುತ್ತದಾ? ಕವಿ ಟಾಗೋರರ ಅಣ್ಣ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಕವಿಯೂ ಬಂದು ಉಳಿದಿದ್ದರು, ಹಾಗಾಗಿ ನಮಗೆ ಅವರು ಅರ್ಧ ಊರವರೇ. ಅವರ 150ನೇ ಜನ್ಮವರ್ಷಕ್ಕೆ 2011ರಲ್ಲಿ ಬಂದ 150 ರೂಪಾಯಿ ನಾಣ್ಯ ನನಗೆ ಸಿಕ್ಕಿದ್ದು ತಡವಾಗಿ, ಒಂದು ಪ್ರದರ್ಶನದಲ್ಲಿ, ಮುಖಬೆಲೆಯ ಎಷ್ಟೋ ಪಟ್ಟು ಕೊಟ್ಟು.

ತೂಕ 35 ಗ್ರಾಂ. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ, ತಾಮ್ರ ಶೇ. 40, ಉಳಿದದ್ದು ನಿಕ್ಕಲ್ ಮತ್ತು ಸತು. ಬೆಳ್ಳಿ ಇದೆ, ಲಾಸ್ ಆಗಲ್ಲ ಅನ್ನುವವರು ಹದಿನೇಳೂವರೆ ಗ್ರಾಮಿನ ಲೆಕ್ಕ ಮೊದಲು ಹಾಕಿ. ನನ್ನದು ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಟಂಕಿಸಿದ್ದು: ಚಿತ್ರವಿಲ್ಲದ ಬಯಲು ಭಾಗ ಕನ್ನಡಿ ಹಾಗೆ, ಚಿತ್ರ ಮಾತ್ರ ಮಂಜು ಮಂಜು.

ಅದನ್ನು ಮೆತ್ತಗಿನ ಪ್ಲಾಸ್ಟಿಕ್ ಪೌಚಿಗೆ ಹಾಕಿ ಕಪಾಟಲ್ಲಿ ಇಟ್ಟು ಮರೆತೆ. ಎರಡು ಮಳೆಗಾಲ ಕಳೆದು ತೆಗೆದರೆ ಅಂಚು ಕಂದು, ಒಂದು ಕಡೆ ಜಿಗುಟು ಹಸಿರು! ಗಾಳಿಯ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ತೇವ ಅದಕ್ಕೆ ಜೋರು ಕೊಡುತ್ತದೆ, ಆ ಹಸಿರು ಮಾತ್ರ ಪಿವಿಸಿ ಅನ್ನುವ ಆ ಮೆತ್ತಗಿನ ಪ್ಲಾಸ್ಟಿಕ್ ಪೌಚಿನ ಕೊಡುಗೆ ಅಂತ ಆಮೇಲೆ ಗೊತ್ತಾಯಿತು. ಆಯಿ ನೋಡಿ, "ವಿಭೂತಿ ಹಾಕಿ ತಿಕ್ಕೋ, ದೀಪದ ಹಂಗೆ ಹೊಳೀತದೆ" ಅಂದಳು. ತಿಕ್ಕಿದೆ. ಹೊಳೆಯಿತು. ಓರೆ ಬೆಳಕಿಗೆ ಹಿಡಿದರೆ ಕನ್ನಡಿ ತುಂಬಾ ಕೂದಲೆಳೆ ಗೀರು. ಪರಿಚಯದ ವ್ಯಾಪಾರಿಯೊಬ್ಬರು ಲೆನ್ಸ್ ಇಟ್ಟು ನೋಡಿ, "ತಿಕ್ಕಿದ್ರಾ?" ಅಂತ ಕೇಳಿ ವಾಪಸ್ ಕೊಟ್ಟರು, ರೇಟಿನ ಮಾತೇ ಎತ್ತಲಿಲ್ಲ.

ಆಮೇಲೆ ಕೊಂಡ ನಾಣ್ಯಗಳು, 2006ರ ಬಸವೇಶ್ವರರ 100 ರೂಪಾಯಿಯದೂ ಸೇರಿ, ಗಟ್ಟಿ ಪ್ಲಾಸ್ಟಿಕ್ಕಿನ ನಾಣ್ಯದ ಕ್ಯಾಪ್ಸೂಲಿನಲ್ಲಿವೆ. ಕ್ಯಾಪ್ಸೂಲು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳು. ಜೆಲ್ ಗುಲಾಬಿ ಆದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಜೂನಿಂದ ಸೆಪ್ಟೆಂಬರ್ ತನಕ ಡಬ್ಬಿ ತೆಗೆಯಲ್ಲ, ಹೊರಗಿಂದ ಜೆಲ್ಲಿನ ಬಣ್ಣ ಅಷ್ಟೇ ನೋಡುತ್ತೇನೆ. ಪಾರದರ್ಶಕ ಡಬ್ಬಿ ಅದಕ್ಕೇ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರಲ್ಲೂ ಗಂಧಕ ಇರುತ್ತದೆ. ಹಿಡಿಯುವುದು ಅಂಚಿನಲ್ಲಿ ಮಾತ್ರ. ಪಿವಿಸಿ ಹಸಿರು ಆಗಷ್ಟೇ ಶುರುವಾಗಿದ್ದರೆ ಅಸಿಟೋನ್ ಅನ್ನುವ ದ್ರಾವಕದಲ್ಲಿ, ಶುದ್ಧವಾದದ್ದರಲ್ಲಿ, ಅದ್ದಿ ತೆಗೆಯಿರಿ, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ. ಒರೆಸಬೇಡಿ. ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ, ಅದರಲ್ಲಿ ಎಣ್ಣೆ, ಸೆಂಟು ಎಲ್ಲ ಬೆರೆಸಿರುತ್ತಾರೆ.

ಗೀರು ಬಿದ್ದ ಟಾಗೋರ್ ಮಾತ್ರ ಹೊರಗೇ ಇದ್ದಾರೆ. ಮನೆಗೆ ಯಾರು ಬಂದರೂ ಆಯಿ ತೋರಿಸುವುದು ಅದನ್ನೇ, ಉಳಿದವು ಅವಳ ಕಣ್ಣಿಗೆ ಮಂಕು.