ಮೊದಲ ಉಪ್ಪುನೀರಿನ ಅಕ್ವೇರಿಯಂ: ಮೀನು ತರುವ ಮುನ್ನ

ಉಪ್ಪುನೀರಿನ ಅಕ್ವೇರಿಯಂ ಇಡಬಯಸುವ ಹೊಸಬರು ಖರ್ಚಿಗೆ ಅಂಜಿ ತೀರಾ ಚಿಕ್ಕ ತೊಟ್ಟಿಯನ್ನು ಕೊಳ್ಳುತ್ತಾರೆ; ಆದರೆ ನೀರು ಕಡಿಮೆಯಿದ್ದಷ್ಟೂ ಅದರ ಉಷ್ಣತೆ ಮತ್ತು ಲವಣಾಂಶ ಬೇಗ ಏರುಪೇರಾಗುವುದರಿಂದ, 80ರಿಂದ 100 ಲೀಟರಿನ ತೊಟ್ಟಿಯನ್ನು ನಿಭಾಯಿಸುವುದೇ ಸುಲಭ.

ಅಡುಗೆ ಉಪ್ಪು ಇದಕ್ಕೆ ಸಲ್ಲದು. ಅಕ್ವೇರಿಯಂಗೆಂದೇ ಮಾರುವ ಸಮುದ್ರ ಲವಣದ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಆರ್‌ಒ ನೀರಿಗೆ ಹಾಕಿ, ಬೇರೆ ಬಕೆಟ್‌ನಲ್ಲಿ ಪೂರ್ತಿ ಕರಗಿಸಿ, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ ಎಂದು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿಕೊಳ್ಳಬೇಕು. ಮಂಗಳೂರು, ಕಾರವಾರದ ಕಡೆಯವರಿಗೆ ಕಡಲ ನೀರನ್ನೇ ತುಂಬಿ ತರುವ ಆಸೆ ಸಹಜವಾದರೂ, ಮಳೆಗಾಲದಲ್ಲಿ ನದಿಗಳ ಸಿಹಿನೀರು ಬೆರೆತು ದಡದ ನೀರಿನ ಉಪ್ಪಿನಂಶ ಇಳಿದಿರುತ್ತದೆ. ಹವಳವನ್ನಂತೂ ಹೆಕ್ಕಿ ತರಲೇಬಾರದು. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ತಾಳ್ಮೆ ಬೇಕಿರುವುದು ಸೈಕ್ಲಿಂಗ್ ಹಂತದಲ್ಲಿ, ಅಂದರೆ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯದ ವಿಷವನ್ನು ಕಳೆಯುವ ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಮೊದಲೇ ಬೆಳೆಸುವಾಗ. ಕಲ್ಲು, ಮರಳು ಜೋಡಿಸಿ, ಪಂಪು ಓಡಿಸಿ, ಸ್ವಲ್ಪ ಅಮೋನಿಯ ಒದಗಿಸಿದರೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ವಿಷಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬರುವವರೆಗೆ, ಅಂಗಡಿಯವರು ಎಷ್ಟೇ ಪುಸಲಾಯಿಸಿದರೂ ಮೀನು ತರಬೇಡಿ. ಆಮೇಲೂ ಸಾಕಣೆಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು ಸಾಕು.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದುದರಿಂದ ಗಾಜಿನ ಮೇಲೆ ಗೆರೆ ಎಳೆದಿಟ್ಟುಕೊಂಡು, ಮಟ್ಟ ಇಳಿದಾಗಲೆಲ್ಲ ಉಪ್ಪು ಬೆರೆಸದ ಆರ್‌ಒ ನೀರನ್ನೇ ಸೇರಿಸಿ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸುವಾಗ ಮಾತ್ರ ಹೊಸ ಉಪ್ಪುನೀರು ಬೇಕಾಗುತ್ತದೆ.