ಕ್ಯೂಸಿ ಲ್ಯಾಬಿನಿಂದ ರಂಧ್ರಗಳ ಸ್ಫಟಿಕದವರೆಗೆ: ರಸಾಯನ ವಿಜ್ಞಾನದ ಪದವಿಯಲ್ಲಿ ನನ್ನ ಅನುಭವ

2010ರಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಕಾಂಬಿನೇಷನ್ನಿನಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಮಾನಸಗಂಗೋತ್ರಿಯಲ್ಲಿ ರಸಾಯನ ವಿಜ್ಞಾನದ ಎಂ.ಎಸ್ಸಿ. ಮಾಡಿ, ಔಷಧ ಕಂಪನಿಯೊಂದರ ಗುಣಮಟ್ಟ ನಿಯಂತ್ರಣ (ಕ್ಯೂಸಿ) ವಿಭಾಗದಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಪಿಎಚ್.ಡಿ.ಗೆ ಸೇರಿ, ಈಗ ಬೆಂಗಳೂರಿನ ಖಾಸಗಿ ಸಂಶೋಧನಾ ಘಟಕವೊಂದರಲ್ಲಿ ಅನಿಲಗಳನ್ನು ಹಿಡಿದಿಡುವ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಬಿ.ಎಸ್ಸಿ. ಸೇರಲು ಹೊರಟವರೂ ಅವರ ಹೆತ್ತವರೂ ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವ ವಿಷಯಕ್ಕೆ ಸ್ಕೋಪ್ ಇದೆ? ಈ ಪ್ರಶ್ನೆಗೆ ವಿಷಯದ ಹೆಸರು ಹೇಳಿ ಉತ್ತರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಯಾವುದಾದರೊಂದು ಉಪಕರಣದ ಮುಂದೆ ಒಂಟಿಯಾಗಿ ನಿಂತು, ನಾಲ್ಕು ಜನ ನಂಬುವಂಥ ಅಂಕಿಯನ್ನು ತೆಗೆದುಕೊಡುವ ಸಾಮರ್ಥ್ಯವೊಂದೇ ನನಗೆ ಪ್ರತಿ ಸಲವೂ ಕೆಲಸ ಕೊಡಿಸಿದೆ.

ಪದವಿಯ ಮೂರು ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಲವಣ ವಿಶ್ಲೇಷಣೆ, ಟೈಟ್ರೇಷನ್, ಪರೀಕ್ಷೆಗೆ ಮುಂಚೆ ರೆಕಾರ್ಡ್ ಪುಸ್ತಕಕ್ಕೆ ಸಹಿ, ಇಷ್ಟರಲ್ಲೇ ಅವು ಕಳೆದವು. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ್ದಾರೆ. ವರ್ಷಗಳ ಲೆಕ್ಕಕ್ಕಿಂತ ಪ್ರಾಕ್ಟಿಕಲ್ಲಿನಲ್ಲಿ ಎಷ್ಟು ಜನಕ್ಕೆ ಒಂದು ಬ್ಯುರೆಟ್ ಎಂಬುದನ್ನು ವಿಚಾರಿಸಿಕೊಂಡು ಕಾಲೇಜು ಆರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕ್ಯೂಸಿ ಕೆಲಸವನ್ನು ಸಂಶೋಧನೆಯ ಆಸೆಯುಳ್ಳವರು ಕೀಳಾಗಿ ಕಾಣುವುದುಂಟು. ಪಾಳಿಯ ದುಡಿಮೆ, ಆರಂಭದಲ್ಲಿ ಸಾಧಾರಣ ಸಂಬಳ, ದಿನವೂ ಅದೇ ಮಾತ್ರೆಗಳ ಪರೀಕ್ಷೆ ಎಂಬ ದೂರುಗಳೆಲ್ಲ ನಿಜ. ಆದರೆ ಉಪಕರಣವೆಂದರೇನು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಎಚ್‌ಪಿಎಲ್‌ಸಿ ಎಂಬ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಮಾತ್ರೆಯ ದ್ರಾವಣವನ್ನು, ಅತಿ ಸಣ್ಣ ಸಿಲಿಕಾ ಕಣಗಳು ತುಂಬಿದ ಉಕ್ಕಿನ ಕಾಲಮಿನ ಮೂಲಕ ಭಾರಿ ಒತ್ತಡದಲ್ಲಿ ಹಾಯಿಸುತ್ತಾರೆ. ಒಂದೊಂದು ಘಟಕವೂ ತನ್ನದೇ ಸಮಯಕ್ಕೆ ಹೊರಬಿದ್ದು ಪರದೆಯ ಮೇಲೆ ಒಂದೊಂದು ಪೀಕು ಮೂಡಿಸುತ್ತದೆ. 6.2 ನಿಮಿಷಕ್ಕೆ ಬರಬೇಕಾದ ಪೀಕು 6.8ಕ್ಕೆ ಬಂತೆನ್ನಿ. ಪಂಪಿನ ಹರಿವು ಕಡಿಮೆಯಾಯಿತೇ, ಕಾಲಮಿನ ಉಷ್ಣತೆ ಇಳಿಯಿತೇ, ಬಫರಿನ ಪಿಎಚ್ ತಪ್ಪಿತೇ, ಇಲ್ಲವೆ ಬಾಟಲಿಯ ಮುಚ್ಚಳ ಸಡಿಲವಿದ್ದು ಅಸಿಟೋನೈಟ್ರೈಲ್ ಎಂಬ ದ್ರಾವಕ ಆವಿಯಾಗಿ ಮಿಶ್ರಣದಲ್ಲಿ ನೀರಿನ ಪಾಲು ಹೆಚ್ಚಿತೇ ಎಂದು ಒಂದೊಂದಾಗಿ ತಳ್ಳಿಹಾಕುತ್ತ ಕಾರಣಕ್ಕೆ ಬರಬೇಕು. ಪ್ರತಿ ಹೆಜ್ಜೆಯನ್ನೂ ಆಗಿಂದಾಗ್ಗೆ ಬರೆದು, ಸಮಯ ಹಾಕಿ, ಸಹಿ ಮಾಡಬೇಕು. ಬರೆದಿಡದ ಕೆಲಸ ಮಾಡದ ಕೆಲಸಕ್ಕೆ ಸಮ ಎಂಬುದು ಆ ಲ್ಯಾಬುಗಳ ಮಾತು. ಈ ಶಿಸ್ತು ಮುಂದೆ ಪಿಎಚ್.ಡಿ.ಯಲ್ಲಿ ನನಗೆ ಒದಗಿಬಂದಷ್ಟು ಎಂ.ಎಸ್ಸಿ.ಯ ಯಾವ ಪತ್ರಿಕೆಯೂ ಒದಗಿಬರಲಿಲ್ಲ.

ಪಿಎಚ್.ಡಿ.ಗೆ ಹೋಗಲು ಸಿಎಸ್‌ಐಆರ್-ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದೆ. ರಸಾಯನ ವಿಜ್ಞಾನದ ಪತ್ರಿಕೆಯಲ್ಲಿ ಮೂರು ಗಂಟೆ, 200 ಅಂಕ. 120 ಪ್ರಶ್ನೆಗಳಲ್ಲಿ 75ಕ್ಕೆ ಮಾತ್ರ ಉತ್ತರಿಸಬೇಕು, ತಪ್ಪಿದರೆ ಅಂಕ ಕಳೆಯುತ್ತಾರೆ. ಪೂರ್ತಿ 100 ಅಂಕ, ಪ್ರಶ್ನೆಗೆ ನಾಲ್ಕು ಅಂಕವಿರುವ ಕೊನೆಯ ಭಾಗದಲ್ಲಿರುವುದರಿಂದ, ಎಲ್ಲವನ್ನೂ ಮೇಲೆಮೇಲೆ ಓದುವುದನ್ನು ಬಿಟ್ಟು ಸ್ಪೆಕ್ಟ್ರೋಸ್ಕೊಪಿ, ಸಮನ್ವಯ ರಸಾಯನ, ಪೆರಿಸೈಕ್ಲಿಕ್ ಕ್ರಿಯೆಗಳು, ಉಷ್ಣಗತಿ ಶಾಸ್ತ್ರ ಇವಿಷ್ಟನ್ನು ಆಳವಾಗಿ ಓದಿದೆ. ನೌಕರಿಯ ನಡುವೆ ಓದುವವರಿಗೆ ಇದಕ್ಕಿಂತ ಬೇರೆ ದಾರಿ ಇದೆಯೆಂದು ನನಗನಿಸುವುದಿಲ್ಲ. 2015ರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಮೊತ್ತ ತಿಂಗಳಿಗೆ 25,000 ರೂಪಾಯಿ ಇತ್ತು. 2019ರಲ್ಲಿ 31,000 ಆಗಿ, 2023ರ ಜನವರಿಯಿಂದ 37,000ಕ್ಕೆ ಏರಿದೆ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಶಿಷ್ಯವೇತನ) ಆದರೆ 42,000. ಹಣ ಕೈಸೇರುವುದು ತಡವಾಗಬಹುದೆಂದು ಕೆಲವು ತಿಂಗಳ ಖರ್ಚನ್ನು ಕಟ್ಟಿಟ್ಟುಕೊಂಡೇ ನೌಕರಿ ಬಿಟ್ಟೆ. ಬಿ.ಎಸ್ಸಿ. ಮುಗಿಸಿದೊಡನೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಗಳ ಎಂ.ಎಸ್ಸಿ.ಗೋ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೋ ಹೋಗುವ ಇನ್ನೂ ನೇರವಾದ ದಾರಿಯಿದೆ. ನಮ್ಮ ಕಾಲೇಜಿನಲ್ಲಿ ಆಗ ಅದರ ಸುದ್ದಿಯನ್ನೇ ಯಾರೂ ಎತ್ತುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಲೋಹ-ಸಾವಯವ ಚೌಕಟ್ಟುಗಳು, ಅಂದರೆ ಎಂಒಎಫ್‌ಗಳು. ಲೋಹದ ಅಯಾನುಗಳು ಮೂಲೆಗಳಲ್ಲಿದ್ದು ಇಂಗಾಲ ಆಧಾರಿತ ಸಾವಯವ ಅಣುಗಳು ಅವುಗಳ ನಡುವೆ ತೊಲೆಗಳಂತೆ ಹಾಯ್ದಿರುವ ಈ ಸ್ಫಟಿಕಗಳ ಒಳಗೆ ಬಹುಪಾಲು ಖಾಲಿ ಜಾಗ. ನಾನು ಮೊದಲು ಮಾಡಿದ ಎಚ್‌ಕೆಯುಎಸ್‌ಟಿ-1 ಎಂಬುದಕ್ಕೆ ತಾಮ್ರದ ನೈಟ್ರೇಟ್, ಟ್ರೈಮೆಸಿಕ್ ಆಮ್ಲ, ಒಂದಿಷ್ಟು ಎಥನಾಲ್ ಮತ್ತು ನೀರು ಸಾಕು; ಟೆಫ್ಲಾನ್ ಒಳಪದರವಿರುವ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ ಓವನ್ನಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಿಳಿನೀಲಿಯ ಪುಟ್ಟ ಹರಳುಗಳು ತಳದಲ್ಲಿ ಕೂತಿರುತ್ತವೆ. ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ರಂಧ್ರಗಳ ತುಂಬ ಇನ್ನೂ ದ್ರಾವಕವೇ ಇರುತ್ತದೆ. ಹರಳನ್ನು ಗಾಜಿನ ನಳಿಕೆಯಲ್ಲಿಟ್ಟು, ನಿರ್ವಾತದಲ್ಲಿ ನಿಧಾನವಾಗಿ ಬಿಸಿಯೇರಿಸಿದಾಗ ತಾಮ್ರಕ್ಕೆ ಅಂಟಿದ್ದ ನೀರು ಬಿಟ್ಟುಹೋಗುತ್ತ, ತಿಳಿನೀಲಿ ಕಡುಗಟ್ಟಿ ನೇರಳೆಯ ಕಡೆಗೆ ತಿರುಗುತ್ತದೆ. ಮುಚ್ಚಳ ತೆಗೆದು ಗಾಳಿಗೆ ಒಡ್ಡಿದರೆ ಮಳೆಗಾಲದ ಬೆಂಗಳೂರಿನಲ್ಲಿ ಬಣ್ಣ ಹಿಂದಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಸರಿಯಾಗಿ ಬರಿದಾದ ಪುಡಿಯನ್ನು ದ್ರವ ಸಾರಜನಕದ ಉಷ್ಣತೆಯಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ, ಎಷ್ಟು ಸಾರಜನಕ ಹೀರುತ್ತದೆಂದು ಅಳೆದಾಗ ಗ್ರಾಮಿಗೆ 1,500 ಚದರ ಮೀಟರಿಗೂ ಮಿಕ್ಕ ಮೇಲ್ಮೈ, ಅಂದರೆ ರಂಧ್ರಗಳ ಒಳಗೋಡೆಗಳೂ ಸೇರಿದ ಮೇಲ್ಮೈ, ಸಿಗುತ್ತದೆ. ಅರ್ಧಂಬರ್ಧ ಬರಿದಾದ ಪುಡಿ ಅದರ ಅರ್ಧವನ್ನೂ ತೋರಿಸದಿರಬಹುದು, ಮತ್ತು ಗ್ರಾಫು ಮಾತ್ರ ಎರಡರಲ್ಲೂ ಅಷ್ಟೇ ಅಂದವಾಗಿರುತ್ತದೆ.

ಈ ಕ್ಷೇತ್ರಕ್ಕೆ 2025ರ ರಸಾಯನ ವಿಜ್ಞಾನದ ನೊಬೆಲ್ ಬಂತು: ಮೆಲ್ಬರ್ನಿನ ರಿಚರ್ಡ್ ರಾಬ್ಸನ್, ಕ್ಯೋಟೋದ ಸುಸುಮು ಕಿಟಾಗಾವಾ, ಬರ್ಕ್ಲಿಯ ಓಮರ್ ಯಾಘಿ. ರಾಬ್ಸನ್ 1989ರಲ್ಲಿ ತಾಮ್ರದ ಅಯಾನುಗಳನ್ನೂ ನಾಲ್ಕು ತೋಳಿನ ಅಣುವನ್ನೂ ಸೇರಿಸಿ ಒಳಗೆ ಖಾಲಿ ಜಾಗವಿರುವ ಸ್ಫಟಿಕ ಕಟ್ಟಿದರು, ಆದರೆ ಅದು ಸುಲಭವಾಗಿ ಕುಸಿಯುತ್ತಿತ್ತು. ಇಂಥ ಚೌಕಟ್ಟಿನ ಒಳಹೊರಗೆ ಅನಿಲ ಓಡಾಡಬಲ್ಲದೆಂದು ಕಿಟಾಗಾವಾ 1997ರಲ್ಲಿ ತೋರಿಸಿದರು. ಯಾಘಿ 1999ರಲ್ಲಿ ಎಂಒಎಫ್-5 ಎಂಬ ಗಟ್ಟಿ ರಚನೆಯನ್ನು ಪ್ರಕಟಿಸಿದರು. ಪ್ರಶಸ್ತಿ ಘೋಷಣೆಯಾದ ವಾರ, ಎಂಒಎಫ್ ಓದಲು ಎಲ್ಲಿ ಸೇರಬೇಕೆಂದು ಕೇಳಿ ನನಗೆ ಬಂದ ಕರೆಗಳು ಒಂದೆರಡಲ್ಲ. ಶೋಧದ ಸುದ್ದಿ ಕಿವಿಗೆ ಬೀಳುವ ಹೊತ್ತಿಗೆ ಆ ಶೋಧಕ್ಕೆ ಇಪ್ಪತ್ತೈದು ಮೂವತ್ತು ವರ್ಷ ವಯಸ್ಸಾಗಿರುತ್ತದೆ. ಉದ್ಯೋಗ ಹುಡುಕುವವರು ಗಮನಿಸಬೇಕಾದ್ದು ಆಮೇಲೆ ಏನಾಯಿತು ಎಂಬುದನ್ನು.

ಆಮೇಲಿನದಕ್ಕೆ ಒಳ್ಳೆಯ ಉದಾಹರಣೆ ಕಾಲ್ಫ್-20. ಸತು, ಟ್ರೈಅಝೋಲ್ ಮತ್ತು ಆಕ್ಸಲೇಟ್ ಸೇರಿದ ಈ ಎಂಒಎಫ್‌ನ ಮೇಲ್ಮೈ ಗ್ರಾಮಿಗೆ ಸುಮಾರು 500 ಚದರ ಮೀಟರ್ ಮಾತ್ರ; ಮೇಲ್ಮೈಯಲ್ಲಿ ದಾಖಲೆ ಬರೆದ ಎಂಒಎಫ್‌ಗಳ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಆದರೂ ಕೆನಡಾದ ಕ್ಯಾಲ್ಗರಿಯಲ್ಲಿ ರೂಪುಗೊಂಡ ಈ ವಸ್ತು, ಗಾಳಿಯಲ್ಲಿ ಸಾಕಷ್ಟು ತೇವವಿದ್ದರೂ ನೀರನ್ನು ಬಿಟ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ, ಬಿಸಿ ಹಬೆಯನ್ನು ತಾಳುತ್ತದೆ, ಅಗ್ಗದ ಪದಾರ್ಥಗಳಿಂದ ತಯಾರಾಗುತ್ತದೆ. ಅದರಿಂದಲೇ ಅದು ಸಿಮೆಂಟ್ ಕಾರ್ಖಾನೆಯ ಹೊಗೆಯ ಪರೀಕ್ಷೆಯವರೆಗೆ ಹೋಯಿತು ಮತ್ತು ಬಿಎಎಸ್‌ಎಫ್ ಎಂಬ ಜರ್ಮನ್ ರಾಸಾಯನಿಕ ಕಂಪನಿ ಅದನ್ನು ವರ್ಷಕ್ಕೆ ನೂರಾರು ಟನ್ ಪ್ರಮಾಣದಲ್ಲಿ ತಯಾರಿಸಲು ಮುಂದಾಯಿತು. ನನ್ನ ಪಿಎಚ್.ಡಿ. ಪ್ರಬಂಧದ ಯಾವ ಎಂಒಎಫ್ ಕೂಡ ಹಬೆಯ ಮುಂದೆ ಒಂದು ವಾರ ನಿಲ್ಲಲಾರದು.

ಈಗಿನ ನನ್ನ ಕೆಲಸ ಲ್ಯಾಬಿನ ಪುಡಿಗೂ ಕಾರ್ಖಾನೆಯ ಬಳಕೆಗೂ ನಡುವಣ ಜಾಗದ್ದು. ಪುಡಿಯನ್ನು ಹಾಗೆಯೇ ಕೊಳವೆಗೆ ತುಂಬಿದರೆ ಅನಿಲ ಮುಂದೆ ಸಾಗುವುದೇ ಕಷ್ಟ, ಆದ್ದರಿಂದ ಅದನ್ನು ಗುಳಿಗೆ ಮಾಡಬೇಕು. ಗಟ್ಟಿಯಾಗಲೆಂದು ಒತ್ತಿದರೆ ಸ್ಫಟಿಕ ಕುಸಿಯುತ್ತದೆ, ಅಂಟು ಸೇರಿಸಿದರೆ ರಂಧ್ರದ ಬಾಯಿ ಮುಚ್ಚುತ್ತದೆ. ನಮ್ಮ ತಂಡದಲ್ಲಿ ಕೆಮಿಕಲ್ ಎಂಜಿನಿಯರುಗಳಿದ್ದಾರೆ, ಭೌತ ವಿಜ್ಞಾನದ ಎಂ.ಎಸ್ಸಿ. ಮಾಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅನಿಲದ ಹೀರಿಕೆಯನ್ನು ಲೆಕ್ಕ ಹಾಕುವವರಿದ್ದಾರೆ, ಔಷಧ ಕಂಪನಿಗಳ ಕ್ಯೂಸಿಯಿಂದ ಬಂದ ವಿಶ್ಲೇಷಕರೂ ಇದ್ದಾರೆ. ವರದಿಯಾಗಿರುವ ಹತ್ತಾರು ಸಾವಿರ ಎಂಒಎಫ್‌ಗಳಲ್ಲಿ ಯಾವುದನ್ನು ಮಾಡಿ ನೋಡಬೇಕೆಂದು ಮೊದಲು ಜಾಲಿಸುವುದು ಆ ಪೈಥಾನಿನವರು. ಒಂದು ಉಪಕರಣವಾಗಲಿ, ಒಂದು ಲೆಕ್ಕದ ವಿಧಾನವಾಗಲಿ ಕೈಗೆ ಹತ್ತಿದ್ದರೆ ಅವರಲ್ಲಿ ಯಾರೂ ವಿಷಯದ ಹೆಸರಿನಿಂದ ಹಿಂದೆ ಬಿದ್ದಿಲ್ಲ.

ಹೊಸಬರನ್ನು ಆರಿಸುವಾಗ ನಾನು ನೊಬೆಲಿನ ಬಗ್ಗೆ ಕೇಳುವುದಿಲ್ಲ. ಮೇಲ್ಮೈ ಕಡಿಮೆ ಬಂದಿರುವ ಒಂದು ಐಸೋಥರ್ಮ್ ಗ್ರಾಫನ್ನು, ಅಂದರೆ ಒತ್ತಡ ಏರಿದಂತೆ ಪುಡಿ ಎಷ್ಟು ಅನಿಲ ಹೀರಿತೆಂದು ತೋರಿಸುವ ಗೆರೆಯನ್ನು, ಮುಂದಿಟ್ಟು ಕಾರಣ ಏನಿರಬಹುದೆಂದು ಕೇಳುತ್ತೇನೆ. ಕೆಲವರು ಸೂತ್ರ ಹೇಳುತ್ತಾರೆ, ಕೆಲವರು ಎಂಒಎಫ್ ಕೆಟ್ಟಿದೆ ಎನ್ನುತ್ತಾರೆ. ದ್ರಾವಕದ ತೂಕವೂ ಲೆಕ್ಕಕ್ಕೆ ಸೇರಿತೇ ಎಂಬ ಅನುಮಾನದಿಂದ, ಮಾದರಿಯನ್ನು ತೂಗಿದ್ದು ರಂಧ್ರ ಬರಿದಾಗುವ ಮೊದಲೋ ಆಮೇಲೋ ಎಂದು ಯಾರಾದರೂ ತಾವಾಗಿ ನನ್ನನ್ನೇ ತಿರುಗಿ ಕೇಳಿದರೆ, ಉಳಿದ ಪ್ರಶ್ನೆಗಳನ್ನು ಬೇಗ ಮುಗಿಸಿ ಅವರನ್ನು ಲ್ಯಾಬಿಗೆ ಕರೆದೊಯ್ಯುತ್ತೇನೆ.